ಧನ್ಯವಾದ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡುತ್ತಾ ಬಂದ ನನಗೆ ಪತ್ರಲೇಖನವು ಪ್ರತಿ ವರ್ಷವೂ ತಪ್ಪದೆ ಎದುರಾಗುವ ಪಾಠ. ರಜೆ ಕೋರಿ, ಪ್ರವಾಸಕ್ಕೆ ಹಣ ಕೋರಿ, ಬಡಾವಣೆಗೆ ಬೀದಿದೀಪ ಕೋರಿ ಬರೆಯುವ ಪತ್ರಗಳನ್ನು ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಕೋರಿದ್ದು ಸಿಕ್ಕ ಮೇಲೆ ಬರೆಯಬೇಕಾದ ಪತ್ರವನ್ನು ಮಾತ್ರ ನಾವು ಹೇಳಿಕೊಡುವುದೇ ಇಲ್ಲ. ಹಳೆಯ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು, ಸಹೋದ್ಯೋಗಿಗಳು ಈ ವಿಷಯವಾಗಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಬರೆದಿದ್ದೇನೆ.

ಧನ್ಯವಾದ ಪತ್ರ ಬರೆಯುವುದರಿಂದ ನಿಜವಾಗಿ ಏನು ಪ್ರಯೋಜನ?

ಉಪಕಾರ ಮಾಡಿದವರಿಗೆ ಅದರ ಮುಂದಿನ ಕಥೆ ತಿಳಿಯುವುದಿಲ್ಲ. ಪರೀಕ್ಷೆಯ ಶುಲ್ಕ ಕಟ್ಟಿದ ಮೇಷ್ಟ್ರಿಗೆ ಹುಡುಗ ಪಾಸಾದದ್ದು ಗೊತ್ತಾಗಬಹುದು, ಆದರೆ ಆ ಪಾಸಿನಿಂದ ಅವನ ಮನೆಯಲ್ಲಿ ಏನೇನು ಬದಲಾಯಿತು ಎಂಬುದು ಗೊತ್ತಾಗುವುದಿಲ್ಲ. ರಕ್ತ ಕೊಟ್ಟವರು ಜಿಲ್ಲಾಸ್ಪತ್ರೆಯಿಂದ ಹೊರಬಂದು ಬಸ್ಸು ಹಿಡಿಯುತ್ತಾರೆ, ರೋಗಿ ಎದ್ದು ಕೂತನೋ ಇಲ್ಲವೋ ಅವರಿಗೆ ತಿಳಿಯದು. ಪತ್ರ ಮಾಡುವ ಮೊದಲ ಕೆಲಸವೆಂದರೆ ಆ ಸುದ್ದಿಯನ್ನು ಮುಟ್ಟಿಸುವುದು. ಹೊಗಳಿಕೆ, ವಂದನೆ ಎಲ್ಲವೂ ಅದರ ನಂತರ.

ಇದನ್ನು ನಾನು ಕಲಿತದ್ದು ಒಂದು ಕಾರ್ಡಿನಿಂದ. ನಮ್ಮ ಮಗಳು ಎರಡು ವರ್ಷದವಳಿದ್ದಾಗ ನಾವು ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ಒಂದು ರಾತ್ರಿ ಜ್ವರ ಏರಿ ಮಗುವಿಗೆ ಫಿಟ್ಸ್ ಬಂತು. ಊರಿನಲ್ಲಿದ್ದ ಕಾಂಪೌಂಡರು ಸೈಕಲ್ಲಿನಲ್ಲಿ ಬಂದು, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಬೆಳಗಿನ ಜಾವ ಹಾಲಿನ ವ್ಯಾನನ್ನು ರಸ್ತೆಯಲ್ಲಿ ಅಡ್ಡಗಟ್ಟಿ ನಿಲ್ಲಿಸಿ, ನಮ್ಮೊಡನೆ ತುಮಕೂರಿನ ತನಕ ಬಂದರು. ನಾವು ಆ ಊರು ಬಿಟ್ಟೆವು, ಅವರೂ ನಿವೃತ್ತರಾದರು. ಹನ್ನೊಂದು ವರ್ಷಗಳ ನಂತರ ಅವರ ವಿಳಾಸ ಸಿಕ್ಕಿದಾಗ ಎರಡು ಪುಟದ ಪತ್ರ ಬರೆದೆ. ನಾನು ಕನ್ನಡದ ಮೇಷ್ಟರು, ಪದಗಳಿಗೆ ಕೊರತೆಯಿರಲಿಲ್ಲ. ದೇವರಂತೆ ಬಂದಿರಿ, ಏಳೇಳು ಜನ್ಮಕ್ಕೂ ಋಣಿ ಎಂದೆಲ್ಲ ಬರೆದಿದ್ದೆ. ಎರಡು ವಾರಕ್ಕೆ ಒಂದು ಕಾರ್ಡು ಬಂತು, ಅಕ್ಷರ ಸ್ವಲ್ಪ ನಡುಗಿದ್ದವು: "ಪತ್ರ ತಲುಪಿತು. ಸಂತೋಷ. ಮಗುವಿಗೆ ಆಮೇಲೆ ಫಿಟ್ಸ್ ಬಂತೋ ಹೇಗೆ? ಈಗ ಏನು ಓದುತ್ತಿದ್ದಾಳೆ?" ನನ್ನ ಎರಡು ಪುಟಗಳಲ್ಲಿ ಎಲ್ಲಿಯೂ ಅದಿರಲಿಲ್ಲ. ಹನ್ನೊಂದು ವರ್ಷ ಆ ಮನುಷ್ಯರ ಮನಸ್ಸಿನಲ್ಲಿ ಉಳಿದಿದ್ದ ಪ್ರಶ್ನೆಗೆ ನಾನು ಉತ್ತರವನ್ನೇ ಬರೆದಿರಲಿಲ್ಲ. ಅಂದೇ ರಾತ್ರಿ ಕೂತು ಇನ್ನೊಂದು ಪತ್ರ ಬರೆದೆ: ಆಮೇಲೆ ಒಮ್ಮೆಯೂ ಬರಲಿಲ್ಲ, ಎಂಟನೆಯ ತರಗತಿಯಲ್ಲಿದ್ದಾಳೆ, ಲೆಕ್ಕದಲ್ಲಿ ಜಾಣೆ, ಮುಂಗೋಪ ಜಾಸ್ತಿ. ಅದು ಅರ್ಧ ಪುಟವೂ ಆಗಲಿಲ್ಲ. ಧನ್ಯವಾದ ಪತ್ರವೆಂದು ಕರೆಯಬಹುದಾದದ್ದನ್ನು ನಾನು ಮೊದಲ ಬಾರಿಗೆ ಬರೆದದ್ದು ಆಗ.

ಇದು ನಮ್ಮ ಪದ್ಧತಿಯೇ? ಮನೆಯವರಿಗೆ ಧನ್ಯವಾದ ಹೇಳಿದರೆ ಹೊರಗಿನವರಂತೆ ಕಂಡ ಹಾಗೆ ಆಗುವುದಿಲ್ಲವೇ?

ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಕ್ಕನಿಗೆ ಥ್ಯಾಂಕ್ಸ್ ಎಂದರೆ "ನನಗೇ ಹೇಳ್ತೀಯಾ?" ಎಂದು ಬೇಸರ ಮಾಡಿಕೊಳ್ಳುವ ಮನೆಗಳು ನಮ್ಮಲ್ಲಿ ಹೆಚ್ಚು. 'ಧನ್ಯವಾದ' ಎಂಬುದು ಸಭೆಯ ಮಾತು. ಮನೆಯ ಮಾತು ಬೇರೆಯೇ ಇದೆ. "ದೊಡ್ಡ ಉಪಕಾರ ಆಯ್ತು ಕಣಪ್ಪ", "ನಿನ್ನ ಹೊಟ್ಟೆ ತಣ್ಣಗಿರಲಿ", "ನಿಮ್ಮ ಹೆಸರು ಹೇಳಿಕೊಂಡು ಅನ್ನ ತಿಂತಿದ್ದೀವಿ" ಎನ್ನುವವರು ಸಲ್ಲಿಸುತ್ತಿರುವುದು ಕೃತಜ್ಞತೆಯನ್ನೇ. ಪಕ್ಕದ ಮನೆಯಿಂದ ಸಾರು ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ನಿಂಬೆಹಣ್ಣನ್ನೋ ಹಾಕಿ ಕೊಡುವುದೂ, "ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯೂ ಯಾರಿಂದಲೋ ಎರವಲು ತಂದವಲ್ಲ.

ಆದ್ದರಿಂದ ಮನೆಯವರಿಗೆ ಬರೆಯುವಾಗ 'ಧನ್ಯವಾದ' ಎಂಬ ಪದವನ್ನು ಬಳಸಲೇಬೇಕೆಂದಿಲ್ಲ. ಅವರು ಮಾಡಿದ್ದನ್ನು ನೆನೆದು, ಅದರಿಂದ ಆದದ್ದನ್ನು ಹೇಳಿದರೆ ಸಾಕು. ಕೃತಜ್ಞ ಎಂಬ ಪದದ ಅರ್ಥವೇ ಅದು: ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಮಾಡಿದ್ದನ್ನು ಬಲ್ಲವನು ಕೃತಜ್ಞ, ಅದನ್ನು ಕೊಂದವನು ಕೃತಘ್ನ. ಉತ್ತರಪತ್ರಿಕೆಗಳಲ್ಲಿ "ನಾನು ತಮಗೆ ಕೃತಘ್ನನಾಗಿದ್ದೇನೆ" ಎಂದು ಬರೆದದ್ದನ್ನು ತಿದ್ದಿ ತಿದ್ದಿ ನನಗೆ ಅಭ್ಯಾಸವಾಗಿದೆ. ದಯವಿಟ್ಟು ಈ ಒಂದು ಒತ್ತಕ್ಷರದ ಮೇಲೆ ಗಮನವಿಡಿ.

ಫೋನು ಮಾಡಿದರೆ, ವಾಟ್ಸಾಪ್ ಸಂದೇಶ ಕಳಿಸಿದರೆ ಸಾಲದೇ?

ಏನೂ ಹೇಳದಿರುವುದಕ್ಕಿಂತ ಖಂಡಿತ ಮೇಲು. ದೂರದೂರಿನಲ್ಲಿರುವ ಮಗಳ ಧ್ವನಿ ಕೇಳುವುದೇ ತಾಯಿಗೆ ಪತ್ರಕ್ಕಿಂತ ಹೆಚ್ಚಿನದಾಗಿರಬಹುದು. ಆದರೆ ಫೋನಿನಲ್ಲಿ ನಾವು ಮಾತು ಶುರುಮಾಡುತ್ತಿದ್ದ ಹಾಗೆಯೇ ಆ ಕಡೆಯವರು "ಅಯ್ಯೋ ಬಿಡಿ, ಅದೇನು ಮಹಾ" ಎಂದು ಮಾತು ತಿರುಗಿಸಿಬಿಡುತ್ತಾರೆ. ಅದು ಅವರ ಸೌಜನ್ಯ. ಪತ್ರದ ಮಾತನ್ನು ಹೀಗೆ ಮಧ್ಯದಲ್ಲಿ ತಡೆಯಲು ಆಗುವುದಿಲ್ಲ. ಅವರು ಒಬ್ಬರೇ ಕೂತು ಕೊನೆಯವರೆಗೂ ಓದುತ್ತಾರೆ, ಮರುದಿನ ಇನ್ನೊಮ್ಮೆ ಓದುತ್ತಾರೆ, ಪಂಚಾಂಗದ ಮಧ್ಯೆಯೋ ಬೀರುವಿನ ಸೀರೆಯ ಕೆಳಗೋ ಇಡುತ್ತಾರೆ. ವಾಟ್ಸಾಪ್‌ನಲ್ಲಿಯೇ ಕಳಿಸುವುದಾದರೆ ಕೈಮುಗಿದ ಚಿತ್ರವನ್ನಷ್ಟೇ ಕಳಿಸದೆ ನಾಲ್ಕು ವಾಕ್ಯ ಬರೆಯಿರಿ, ಇಲ್ಲವೇ ಕಾಗದದಲ್ಲಿ ಬರೆದು ಅದರ ಫೋಟೋ ಕಳಿಸಿ. ಎರಡೂ ಪತ್ರವೇ.

ನನಗೆ ಚೆನ್ನಾಗಿ ಬರೆಯಲು ಬರುವುದಿಲ್ಲ. ಓದಿದವರು ಏನೆಂದುಕೊಳ್ಳುತ್ತಾರೋ ಎಂಬ ಹಿಂಜರಿಕೆ. ಏನು ಮಾಡಲಿ?

ಈ ಹಿಂಜರಿಕೆ ನಿಮ್ಮೊಬ್ಬರದಲ್ಲ. ಅಮೆರಿಕದಲ್ಲಿ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಜನರಿಂದ ಕೃತಜ್ಞತೆಯ ಪತ್ರಗಳನ್ನು ಬರೆಸಿ, ಓದಿದವರಿಗೆ ಹೇಗನ್ನಿಸಬಹುದೆಂದು ಬರೆದವರನ್ನು ಮೊದಲು ಕೇಳಿದರು, ಆಮೇಲೆ ಪತ್ರ ಪಡೆದವರನ್ನೇ ವಿಚಾರಿಸಿದರು. ಬರೆದವರು ಎಣಿಸಿದ್ದಕ್ಕಿಂತ ಪಡೆದವರಿಗೆ ಆದ ಸಂತೋಷ ಹೆಚ್ಚಾಗಿತ್ತು, ಮುಜುಗರ ಕಡಿಮೆಯಾಗಿತ್ತು. ಬರೆದವರಿಗೆ ತಮ್ಮ ಪದಗಳು ಸರಿಯಾಗಿವೆಯೇ ಎಂಬ ಚಿಂತೆಯಿತ್ತು. ಪಡೆದವರು ನೋಡಿದ್ದು ಅದರಲ್ಲಿದ್ದ ವಿಶ್ವಾಸವನ್ನು. ಅಂಥ ಅಧ್ಯಯನ ನಮ್ಮ ಪಾವಗಡದಲ್ಲಿಯೋ ಶಿರಾದಲ್ಲಿಯೋ ನಡೆದದ್ದಲ್ಲ, ಆದರೂ ತರಗತಿಯಲ್ಲಿ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ. ಕಾಗುಣಿತ ತಪ್ಪಿದ ಪತ್ರವನ್ನು ಯಾವ ಅಜ್ಜಿಯೂ ಮೊಮ್ಮಗನಿಗೆ ಹಿಂದಿರುಗಿಸಿಲ್ಲ.

ಬರೆದವರಿಗೂ ಇದರಿಂದ ಒಳ್ಳೆಯದಾಗುತ್ತದೆ ಎನ್ನುತ್ತಾರಲ್ಲ, ನಿಜವೇ?

ಸ್ವಲ್ಪ ಮಟ್ಟಿಗೆ ನಿಜ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿ ಕೃತಜ್ಞತೆ ಸಲ್ಲಿಸದೆ ಉಳಿದ ಒಬ್ಬರಿಗೆ ಪತ್ರ ಬರೆದು ಕೈಯಾರೆ ತಲುಪಿಸಿದವರಲ್ಲಿ ನೆಮ್ಮದಿ ಎದ್ದು ಕಾಣುವಷ್ಟು ಹೆಚ್ಚಿತು. ಅದು ಸುಮಾರು ಒಂದು ತಿಂಗಳು ಉಳಿಯಿತು, ಆರು ತಿಂಗಳ ಹೊತ್ತಿಗೆ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಬರೆಯಲು ಇದೇ ಕಾರಣವಾಗಬಾರದು. ನಮ್ಮ ನೆಮ್ಮದಿಗೆಂದು ಬರೆದ ಪತ್ರದಲ್ಲಿ ನಮ್ಮ ಭಾವನೆಗಳೇ ತುಂಬಿಕೊಳ್ಳುತ್ತವೆ, ಓದುವವರಿಗೆ ಬೇಕಾದ ಸುದ್ದಿ ಹಿಂದೆ ಬೀಳುತ್ತದೆ.

ಪತ್ರದಲ್ಲಿ ಏನೇನು ಇರಬೇಕು?

ಅವರು ಮಾಡಿದ ಒಂದು ಕೆಲಸ, ಅದನ್ನು ನೀವು ಕಣ್ಣಾರೆ ಕಂಡ ಹಾಗೆ; ಅದರಿಂದ ಮುಂದೆ ಆದದ್ದು; ಈಗ ನೀವು ಹೇಗಿದ್ದೀರಿ ಎಂಬುದು. ಇಷ್ಟಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. "ನೀವು ಮಾಡಿದ ಎಲ್ಲ ಸಹಾಯಕ್ಕೂ" ಎಂಬ ಸಾಲನ್ನು ಯಾರಿಗೆ ಬೇಕಾದರೂ ಬರೆಯಬಹುದು, ಅದಕ್ಕೇ ಅದು ಯಾರಿಗೂ ತಟ್ಟುವುದಿಲ್ಲ. ಪಿಯುಸಿ ಓದುವಾಗ ತುಮಕೂರಿನ ದೊಡ್ಡಮ್ಮನ ಮನೆಯಲ್ಲಿ ಉಳಿದಿದ್ದ ಹುಡುಗಿಯೊಬ್ಬಳು ಹೀಗೆ ಬರೆಯಬಹುದು:

"ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಪರೀಕ್ಷೆಯ ಸಮಯದಲ್ಲಿ ಕರೆಂಟು ಹೋದಾಗಲೆಲ್ಲ ನೀವು ಅಡುಗೆಮನೆಯ ಚಾರ್ಜರ್ ಲೈಟನ್ನು ತಂದು ನನ್ನ ಪುಸ್ತಕದ ಪಕ್ಕ ಇಟ್ಟು, ಕತ್ತಲಲ್ಲೇ ಮುದ್ದೆ ತಿರುವುತ್ತಿದ್ದಿರಿ. ಆಗ ನಾನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಈಗ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದೇನೆ. ರಾತ್ರಿ ಪಾಳಿಯಲ್ಲಿ ಮಲಗಿದವರ ಕಣ್ಣಿಗೆ ಬೀಳದ ಹಾಗೆ ದೀಪ ಹಿಡಿದುಕೊಂಡು ವಾರ್ಡಿನಲ್ಲಿ ಓಡಾಡುವಾಗ ಆ ಲೈಟು ನೆನಪಾಗುತ್ತದೆ. ಯುಗಾದಿಗೆ ಬರುತ್ತೇನೆ. ದೊಡ್ಡಪ್ಪನ ಮಂಡಿನೋವು ಹೇಗಿದೆ, ಬರೆಯಿಸಿ."

ಇದರಲ್ಲಿ ಧನ್ಯವಾದ ಎಂಬ ಪದವಿಲ್ಲ, ಋಣದ ಮಾತೂ ಇಲ್ಲ. ದೊಡ್ಡಮ್ಮ ಎಂದೋ ಮರೆತಿದ್ದ ಒಂದು ಲೈಟು ಮಾತ್ರ ಇದೆ. ಕೊನೆಯಲ್ಲಿ ಅವರ ಮನೆಯ ಕ್ಷೇಮಸಮಾಚಾರ ಕೇಳಿರುವುದನ್ನೂ ಗಮನಿಸಿ. ಅದರಿಂದ ಪತ್ರವು ಲೆಕ್ಕ ಚುಕ್ತಾ ಮಾಡಿದ ರಸೀದಿಯಂತೆ ಕಾಣುವುದು ತಪ್ಪುತ್ತದೆ.

ಪತ್ರದ ಒಕ್ಕಣೆ ಹೇಗಿರಬೇಕು? ಹಳೆಯ ಕಾಲದ ಸಂಬೋಧನೆಗಳನ್ನೇ ಬಳಸಬೇಕೇ?

ನಮ್ಮ ಹಿರಿಯರು ತಂದೆಗೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ತಂದೆಗೆ ಸಮಾನರಾದವರಿಗೆ ತೀರ್ಥರೂಪು ಸಮಾನರಾದ, ಕಿರಿಯರಿಗೆ ಚಿರಂಜೀವಿ ಎಂದು ಬರೆಯುತ್ತಿದ್ದರು. "ಉಭಯ ಕುಶಲೋಪರಿ ಸಾಂಪ್ರತ" ಎಂದು ಆರಂಭಿಸಿದರೆ, ಎರಡೂ ಕಡೆಯ ಕ್ಷೇಮದ ಮಾತಾಯಿತು, ಇನ್ನು ವಿಷಯಕ್ಕೆ ಬರೋಣ ಎಂದರ್ಥ. ಈ ಒಕ್ಕಣೆಯಲ್ಲಿ ಒಂದು ಸೊಗಸಿದೆ, ಎಂಬತ್ತು ದಾಟಿದವರಿಗೆ ಬರೆಯುವಾಗ ನಾನು ಈಗಲೂ ಬಳಸುತ್ತೇನೆ. ಆದರೆ ಅರ್ಥ ತಿಳಿಯದೆ ನಕಲು ಮಾಡುವುದಕ್ಕಿಂತ ಪೂಜ್ಯ, ಮಾನ್ಯ, ಪ್ರೀತಿಯ ಎಂಬಷ್ಟೇ ಸಾಕು. ಗುರುಗಳಿಗೆ "ಪೂಜ್ಯ ಗುರುಗಳಿಗೆ" ಎಂದೂ, ಕೊನೆಯಲ್ಲಿ "ಇಂತಿ ನಿಮ್ಮ ವಿದ್ಯಾರ್ಥಿ" ಎಂದೂ ಬರೆದು, ಹೆಸರಿನ ಜೊತೆ ಯಾವ ವರ್ಷ ಯಾವ ತರಗತಿಯಲ್ಲಿದ್ದಿರಿ ಎಂಬುದನ್ನು ಸೇರಿಸಿ. ಸಾವಿರಾರು ಮಕ್ಕಳನ್ನು ಕಂಡವರಿಗೆ ಮುಖ ನೆನಪಿದ್ದರೂ ಹೆಸರು ಹೊಳೆಯುವುದಿಲ್ಲ. ತಾವು ಎಂದು ಆರಂಭಿಸಿದರೆ ಕೊನೆಯವರೆಗೂ ತಾವು ಎಂದೇ ಇರಲಿ, ಮಧ್ಯದಲ್ಲಿ ನೀವು ಆಗಬಾರದು.

ಮದುವೆಗೆ ಮುನ್ನೂರು ಜನ ಮುಯ್ಯಿ ಮಾಡಿದ್ದಾರೆ. ಎಲ್ಲರಿಗೂ ಬರೆಯಬೇಕೇ?

ಬೇಕಿಲ್ಲ. ಛತ್ರದ ಬಾಗಿಲ ಬಳಿ ಕೂತು ಹೆಸರು, ಊರು, ಮೊತ್ತ ಬರೆದುಕೊಂಡ ಮುಯ್ಯಿ ಪುಸ್ತಕಕ್ಕೆ ಅದರದೇ ಮರ್ಯಾದೆಯಿದೆ. ಅವರ ಮನೆಯ ಮದುವೆಗೆ ನೀವು ಹೋಗಿ ಮುಯ್ಯಿ ಮಾಡಿದಾಗ ಅದು ತೀರುತ್ತದೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗಿ ಬರುವವರು ಒಬ್ಬರಿಗೊಬ್ಬರು ಪತ್ರ ಬರೆಯಬೇಕಿಲ್ಲವಲ್ಲ, ಹಾಗೆಯೇ ಇದು.

ಪತ್ರ ಹೋಗಬೇಕಾದದ್ದು ಆ ಪುಸ್ತಕದಲ್ಲಿ ಹೆಸರು ಬರದವರಿಗೆ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ತರಕಾರಿ ಹೆಚ್ಚಿದವರು, ತಮ್ಮ ಮನೆಯ ದೊಡ್ಡ ಪಾತ್ರೆಗಳನ್ನು ಕೊಟ್ಟು ಆಮೇಲೆ ತಾವೇ ಬಂದು ಒಯ್ದವರು, ನಡೆಯಲಾರದ ಅಜ್ಜಿಯನ್ನು ಕುರ್ಚಿಯಲ್ಲಿ ಎತ್ತಿಕೊಂಡು ಊಟದ ಪಂಕ್ತಿಗೆ ಕರೆತಂದ ಹುಡುಗರು. ಇವರಿಗೆ ಮುಯ್ಯಿ ತೀರಿಸುವ ದಾರಿ ನಿಮಗೆ ಎಂದೂ ಒದಗದೆ ಹೋಗಬಹುದು. ಮದುವೆಯ ಗಲಾಟೆ ಇಳಿದ ಮೇಲೆ, ನೆನಪು ಹಸಿಯಾಗಿರುವಾಗಲೇ ಅದೇ ಪುಸ್ತಕದ ಕೊನೆಯ ಪುಟದಲ್ಲಿ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಅಂಥವರು ಹತ್ತು ಹದಿನೈದು ಜನರಿಗಿಂತ ಹೆಚ್ಚಿರಲಾರರು.

ಸಾವಾದ ಮನೆಯವರು ಪತ್ರ ಬರೆಯಬೇಕೇ?

ಯಾರೂ ನಿರೀಕ್ಷಿಸುವುದಿಲ್ಲ, ಅವಸರವೂ ಇಲ್ಲ. ಕಾರ್ಯಗಳೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ, ಆ ದಿನಗಳಲ್ಲಿ ಅಡುಗೆ ತಂದುಕೊಟ್ಟ ನೆರೆಮನೆಯವರಿಗೆ, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿದ್ದವರಿಗೆ ಎರಡು ಸಾಲು ಬರೆದರೆ ಸಾಕು. ಬರೆಯಲು ಆಗದಿದ್ದರೆ ಮನೆಯ ಬೇರೊಬ್ಬರು ಬರೆಯಲಿ.

ನರ್ಸು, ಬಸ್ಸಿನ ನಿರ್ವಾಹಕ, ಕಚೇರಿಯ ಗುಮಾಸ್ತ, ಇಂಥವರಿಗೆ ಬರೆಯುವುದು ಹೇಗೆ? ಉಡುಗೊರೆ ಕೊಟ್ಟರೆ ಒಳ್ಳೆಯದಲ್ಲವೇ?

ಸರ್ಕಾರಿ ನೌಕರರು ಉಡುಗೊರೆ ಪಡೆಯುವುದಕ್ಕೆ ನಡತೆ ನಿಯಮಗಳ ನಿರ್ಬಂಧವಿದೆ, ನಿಮ್ಮ ಪ್ರೀತಿಯೇ ಅವರಿಗೆ ತೊಡಕಾಗಬಾರದು. ಪತ್ರಕ್ಕೆ ಆ ತೊಂದರೆಯಿಲ್ಲ. ನಿಮ್ಮ ಕೆಲಸ ಅವರ ಮೇಜಿನ ಮೇಲೆ ಇನ್ನೂ ಬಾಕಿಯಿರುವಾಗ ಮಾತ್ರ ಬರೆಯಬೇಡಿ. ಕೆಲಸ ಮುಗಿದ ಮೇಲೆ ಬರೆಯಿರಿ.

ಇಂಥ ಪತ್ರವನ್ನು ಮೇಲಧಿಕಾರಿಗೆ ಬರೆದು, ಒಂದು ಪ್ರತಿಯನ್ನು ಆ ವ್ಯಕ್ತಿಗೇ ಕೊಡುವುದು ಉತ್ತಮ. ದೂರುಗಳೇ ಬಂದು ಬೀಳುವ ಮೇಜಿಗೆ ಮೆಚ್ಚುಗೆಯ ಪತ್ರ ಬಂದಾಗ ಅದನ್ನು ಗಮನಿಸುವವರು ಇರುತ್ತಾರೆ. ತಿಪಟೂರಿಗೆ ಹೊರಟ ಬಸ್ಸಿನಲ್ಲಿ ಮರೆತ ಚೀಲವನ್ನು ನಿರ್ವಾಹಕರು ಜೋಪಾನ ಮಾಡಿಕೊಟ್ಟಿದ್ದರೆ, ದಿನಾಂಕ, ಬಸ್ಸು ಹೊರಟ ಸಮಯ, ಮಾರ್ಗ, ಟಿಕೆಟ್ ಇದ್ದರೆ ಅದರ ಸಂಖ್ಯೆ, ಚೀಲದಲ್ಲಿ ಏನಿತ್ತು, ಸಿಗದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಡಿಪೋ ವ್ಯವಸ್ಥಾಪಕರಿಗೆ ಬರೆಯಿರಿ. "ಬಹಳ ಒಳ್ಳೆಯ ಮನುಷ್ಯ" ಎಂದರೆ ಯಾರೆಂದು ತಿಳಿಯುವುದಿಲ್ಲ. ಚೀಲದಲ್ಲಿ ಮಗನ ಅಂಕಪಟ್ಟಿಯಿತ್ತು, ಮರುದಿನವೇ ಕಾಲೇಜಿನ ದಾಖಲಾತಿಗೆ ಕೊನೆಯ ದಿನವಾಗಿತ್ತು, ಅವನು ಸೇರಿದನು ಎಂದು ಬರೆದರೆ ಓದಿದವರ ಕಣ್ಣ ಮುಂದೆ ಚಿತ್ರ ನಿಲ್ಲುತ್ತದೆ.

ಸಹಾಯ ಮಾಡಿದವರೇ ಆಮೇಲೆ ನಾಲ್ಕು ಜನರ ಮುಂದೆ ಆಡಿ ತೋರಿಸಿದರು. ಅವರಿಗೂ ಬರೆಯಬೇಕೇ?

ಇದು ಕಷ್ಟದ ಪ್ರಶ್ನೆ, ಕೇಳಿದವರ ಕಣ್ಣಲ್ಲಿ ನೀರಿತ್ತು. ಮಾಡಿದ ಉಪಕಾರ ನಿಜ, ಆಡಿದ ಮಾತಿನ ನೋವೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಬರೆಯಲೇಬೇಕೆಂದು ನಾನು ಯಾರಿಗೂ ಹೇಳಲಾರೆ. ಬರೆಯುವ ಮನಸ್ಸಾದರೆ ಆ ಒಂದು ಕೆಲಸದ ಬಗ್ಗೆ ಮಾತ್ರ ಚಿಕ್ಕದಾಗಿ ಬರೆಯಿರಿ. ಇಲ್ಲದ ಪ್ರೀತಿಯನ್ನು ಪತ್ರದಲ್ಲಿ ತುಂಬಬೇಡಿ, ದೂರನ್ನೂ ಸೇರಿಸಬೇಡಿ. ದೂರು ಹೇಳುವುದಿದ್ದರೆ ಅದಕ್ಕೆ ಬೇರೆ ದಿನ, ಬೇರೆ ಕಾಗದ.

ತುಂಬಾ ವರ್ಷಗಳಾಗಿವೆ. ಈಗ ಬರೆದರೆ ಏನಾದರೂ ಬೇಕಾಗಿ ಬರೆದಂತೆ ಕಾಣುವುದಿಲ್ಲವೇ?

ತಡವಾದ ಪತ್ರದಲ್ಲಿ ಹೇಳಲು ಸುದ್ದಿ ಹೆಚ್ಚಿರುತ್ತದೆ, ಅದೊಂದು ಅನುಕೂಲವೇ. ತಡಕ್ಕೆ ಒಂದು ವಾಕ್ಯದಲ್ಲಿ ಕ್ಷಮೆ ಕೇಳಿ ವಿಷಯಕ್ಕೆ ಬನ್ನಿ; ಅರ್ಧ ಪುಟ ಕ್ಷಮೆ ಕೇಳಿದರೆ ಓದುವವರೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಆ ಪತ್ರದಲ್ಲಿ ಶಿಫಾರಸು, ಸಾಲ, ಮಗನ ಕೆಲಸ ಯಾವುದರ ಮಾತೂ ಬರಬಾರದು. ಮುಂದಿನ ಕೆಲವು ತಿಂಗಳು ಅವರಿಂದ ಏನನ್ನೂ ಕೇಳದಿದ್ದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಬರೆಯಬೇಕಾದವರು ಈಗ ಬದುಕಿಲ್ಲ. ಯಾರಿಗೆ ಬರೆಯಲಿ?

ಸಿದ್ಧಗಂಗಾ ಮಠದಲ್ಲಿ ಉಂಡು, ಓದಿ, ಈಗ ದೂರದೂರಿನಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ನನಗೆ ಈ ಪ್ರಶ್ನೆ ಕೇಳಿದ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಅಲ್ಲಿ ಪಡೆದ ಸಾವಿರಾರು ಮಕ್ಕಳಲ್ಲಿ ಅವನೂ ಒಬ್ಬ. ಬರೆಯಲಿಲ್ಲವಲ್ಲ ಎಂಬ ಕೊರಗು ಅವನಿಗೆ. ನಾನು ಅವನನ್ನು ಕೇಳಿದೆ: ಬೆಳಗಿನ ಪ್ರಾರ್ಥನೆಗೆ ನಿನ್ನನ್ನು ಎಬ್ಬಿಸಿದವರು ಯಾರು? ಪಂಕ್ತಿಯಲ್ಲಿ ಸಾರು ಬಡಿಸಿದವರು ಯಾರು? ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದ ಹುಡುಗ ಯಾರು? ಮೂವರಲ್ಲಿ ಇಬ್ಬರ ಹೆಸರು ಅವನಿಗೆ ನೆನಪಿತ್ತು. ಅವರಿಗೆ ಬರೆದ.

ಇದಲ್ಲದೆ, ತೀರಿಕೊಂಡವರ ಮಕ್ಕಳಿಗೆ ಬರೆಯಬಹುದು. ತಂದೆ ತಾಯಿ ಮನೆಯ ಹೊರಗೆ ಏನು ಮಾಡಿದರೆಂಬುದು ಮಕ್ಕಳಿಗೆ ಬಹಳ ಮಟ್ಟಿಗೆ ಗೊತ್ತೇ ಇರುವುದಿಲ್ಲ. "ನಿಮ್ಮ ತಂದೆಯವರು 1988ರಲ್ಲಿ ನನ್ನ ಹಾಸ್ಟೆಲ್ ಶುಲ್ಕ ಕಟ್ಟಿದರು" ಎಂಬ ಒಂದು ಸಾಲು ಅವರ ಮನೆಯಲ್ಲಿ ಎಷ್ಟು ದಿನ ಮಾತಾಗುತ್ತದೆಂದು ಹೇಳಲಾಗದು.

ಅವರಿಗೆ ಓದಲು ಬರುವುದಿಲ್ಲ. ಆದರೂ ಬರೆಯಬೇಕೇ?

ಖಂಡಿತ ಬರೆಯಿರಿ. ಗಟ್ಟಿಯಾಗಿ ಓದಿ ಹೇಳುವವರು ಮನೆಯಲ್ಲಿರುತ್ತಾರೆ, ಆಗ ಮನೆಮಂದಿಯೆಲ್ಲ ಕೇಳುತ್ತಾರೆ. ಆದ್ದರಿಂದಲೇ ಅವರ ಗುಟ್ಟಿನ ವಿಷಯವನ್ನು, ಮುಖ್ಯವಾಗಿ ಕೊಟ್ಟ ಹಣದ ಮೊತ್ತವನ್ನು ಅದರಲ್ಲಿ ಬರೆಯಬೇಡಿ. ಕೊಟ್ಟದ್ದು ಮನೆಯವರಿಗೆ ತಿಳಿಯದೆಯೂ ಇರಬಹುದು. ವಾಕ್ಯಗಳು ಚಿಕ್ಕವಾಗಿರಲಿ, ಓದುವ ಮೊಮ್ಮಗು ತಡವರಿಸದಂತೆ.

ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ?

ಹೇಳಿ ಬರೆಸಬೇಡಿ. ದೊಡ್ಡವರು ಹೇಳಿಕೊಟ್ಟ ಸಾಲು ಮಗುವಿನ ಅಕ್ಷರದಲ್ಲಿದ್ದರೂ ದೊಡ್ಡವರದೇ ಎಂದು ಗೊತ್ತಾಗಿಬಿಡುತ್ತದೆ. "ಮಾವ ಕಳಿಸಿದ ಹಲಸಿನಹಣ್ಣನ್ನು ಏನು ಮಾಡಿದೆವು ಅಂತ ಬರಿ" ಎಂದರೆ ಸಾಕು. ನನ್ನ ತರಗತಿಯ ಒಬ್ಬ ಹುಡುಗ, ಚೇಳೂರು ಕಡೆಯ ತನ್ನ ಮಾವನಿಗೆ ಹೀಗೆ ಬರೆದಿದ್ದ: "ಹಣ್ಣು ಕೆಂಪಗಿತ್ತು. ಅಜ್ಜಿ ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸಿತು. ನಾನು ಹದಿನಾಲ್ಕು ತೊಳೆ ತಿಂದೆ. ಬೀಜ ಸುಟ್ಟುಕೊಂಡು ತಿಂದೆವು. ಒಂದು ಬೀಜ ನೆಟ್ಟಿದ್ದೇನೆ." ಇದರಲ್ಲಿ ತಿದ್ದುವುದಕ್ಕೆ ನನಗೆ ಏನೂ ಕಾಣಲಿಲ್ಲ. ಪೂರ್ತಿ ಅಂಕ ಕೊಟ್ಟು, ಅಂಚೆಗೆ ಹಾಕಲು ಹೇಳಿದೆ.

ಉತ್ತರ ಬರದಿದ್ದರೆ?

ಧನ್ಯವಾದ ಪತ್ರಕ್ಕೆ ಉತ್ತರ ಬರಬೇಕೆಂಬ ನಿಯಮವಿಲ್ಲ. ತಲುಪಿತೋ ಇಲ್ಲವೋ ಎಂದು ಫೋನು ಮಾಡಿ ವಿಚಾರಿಸಬೇಡಿ.

ಅಂಚೆಯಲ್ಲಿ ಕಳಿಸುವುದು ಮರೆತೇ ಹೋಗಿದೆ. ಹೇಗೆ ಕಳಿಸಲಿ?

ಭಾರತದಲ್ಲಿ ಅಂಚೆ ಕಾರ್ಡು 1879ರಿಂದ ಇದೆ, ಈಗಲೂ ಸಿಗುತ್ತದೆ, ಬೆಲೆ 50 ಪೈಸೆ. ಕಾರ್ಡಿನಲ್ಲಿ ಬರೆದದ್ದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಸಂತೋಷದ ಸುದ್ದಿಗೆ ಅದರಿಂದ ತೊಂದರೆಯಿಲ್ಲ, ಮನೆಯ ಮಾತಿಗೆ ಲಕೋಟೆ ಬಳಸಿ. ವಿಳಾಸದಲ್ಲಿ ಪಡೆಯುವವರ ಹೆಸರು, ಮನೆಯ ಗುರುತು, ಊರು, ಅಂಚೆ ಇರುವ ಊರು, ತಾಲ್ಲೂಕು, ಜಿಲ್ಲೆ, ಆರು ಅಂಕಿಯ ಪಿನ್‌ಕೋಡ್ ಇರಬೇಕು. ತುಮಕೂರು ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 572101. ಹಳ್ಳಿಗಳಿಗೆ ಬೇರೆ ಬೇರೆ ಇರುತ್ತವೆ, ಕೇಳಿ ತಿಳಿದು ಬರೆಯಿರಿ. ವಿಳಾಸವನ್ನು ಕನ್ನಡದಲ್ಲಿಯೇ ಬರೆಯಬಹುದು. ಕಳಿಸುವವರ ವಿಳಾಸವನ್ನು ಮರೆಯಬೇಡಿ: ನನಗೆ ಬಂದ ಕಾರ್ಡಿನಂತೆ, ಆ ಕಡೆಯವರಿಗೂ ಕೇಳಬೇಕಾದದ್ದು ಏನಾದರೂ ಇರಬಹುದು.